ರೊಕಿಯ ಕೆನಡಾ ಕವರು

ಯುಸ್ಟೇಸ್ ಲೋಬೊನಿಗೆ ರೊಕಿ ಪಿರೇರನ ಮೇಲೆ ದ್ವೇಷವೇನೂ ಇರಲಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರು ಹಾಗೆ ತಿಳಿಯುವ ಸಂಭವವಿದೆ. ಇದ್ದದ್ದು ಹೊಟ್ಟೆಕಿಚ್ಚು ಮಾತ್ರ. ಅದನ್ನು ಯುಸ್ಟೇಸ್ ಹನ್ನೊಂದು ವರ್ಷ ಯಾರಿಗೂ ತೊಂದರೆ ಕೊಡದೆ, ಮನೆಯೊಳಗೇ ಇಟ್ಟುಕೊಂಡು ಸಾಕಿದ್ದ.

ಬಹರೈನಿನ ರಿಫಾದ ಒಂದು ಕಟ್ಟಡದಲ್ಲಿ ರೊಕಿಯದು ಎರಡನೆಯ ಮಹಡಿ, ಯುಸ್ಟೇಸನದು ಮೂರನೆಯದು. ಲಿಫ್ಟ್ ಇಲ್ಲ. ದಿನಕ್ಕೆ ಕಡಿಮೆಯೆಂದರೆ ಎರಡು ಸಲ ರೊಕಿಯ ಬಾಗಿಲ ಮುಂದಿನಿಂದ ಹಾದುಹೋಗಬೇಕು. ಆ ಬಾಗಿಲ ಹೊರಗೆ ದೊಡ್ಡ ಟಿ.ವಿ.ಯದೋ, ಪಾತ್ರೆ ತೊಳೆಯುವ ಯಂತ್ರದ್ದೋ ಖಾಲಿ ಪೆಟ್ಟಿಗೆ ಸದಾ ಇರುತ್ತಿತ್ತು. ಪೆಟ್ಟಿಗೆಯನ್ನು ಕಸಕ್ಕೆ ಹಾಕುವ ಮುನ್ನ ಮೂರು ದಿನ ಹೊರಗಿಡುವುದು ರೊಕಿಯ ಹೆಂಡತಿ ನೆಲ್ಲಿಯ ಪದ್ಧತಿ. ಯುಸ್ಟೇಸ್ ಒಂದೊಂದು ಪೆಟ್ಟಿಗೆಯನ್ನೂ ನಿಂತು ಓದುತ್ತಿದ್ದ. ಎಷ್ಟು ಲೀಟರು, ಎಷ್ಟು ಇಂಚು, ಎಲ್ಲಿ ತಯಾರಾದದ್ದು, ಎಲ್ಲವನ್ನೂ. ಆಮೇಲೆ ಮೇಲೆ ಬಂದು ಹೆಂಡತಿ ತೆರೇಸಾಳಿಗೆ, "ಆ ಕಂಪನಿಯದ್ದು ಬಾಳಿಕೆ ಬರುವುದಿಲ್ಲ" ಎನ್ನುತ್ತಿದ್ದ.

ಆದರೆ ೨೦೦೯ರಲ್ಲಿ ಬಂದದ್ದಕ್ಕೆ ಪೆಟ್ಟಿಗೆಯೇ ಇರಲಿಲ್ಲ. ರೊಕಿಗೆ ಕೆನಡಾದ ಪರ್ಮನೆಂಟ್ ರೆಸಿಡೆನ್ಸಿ, ಎಂದರೆ ಅಲ್ಲಿ ಕಾಯಂ ನೆಲೆಸುವ ಹಕ್ಕು, ಸಿಕ್ಕಿತು.

ಇಲ್ಲಿ ಬಹರೈನಿನ ನಮ್ಮ ಕರಾವಳಿಯವರ ಒಂದು ನಡವಳಿಕೆಯನ್ನು ವಿವರಿಸಬೇಕು. ಕೆನಡಾಕ್ಕೆ ಅರ್ಜಿ ಹಾಕಿದವರು ಅದನ್ನು ಯಾರಿಗೂ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. ಅಣ್ಣ ತಮ್ಮನಿಗೆ ಹೇಳುವುದಿಲ್ಲ, ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಪರಸ್ಪರ ಹೇಳುವುದಿಲ್ಲ. ಇಬ್ಬರೂ ಅರ್ಜಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಗೆ ಕೂತು, ಕೊಠಡಿಯಲ್ಲಿ ಎದುರುಬದುರಾದರೂ, "ಸುಮ್ನೆ ಬಂದದ್ದು" ಎಂದು ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಕೇಳಿದರೆ, "ಕೆನಡಾವಾ? ನಾವಾ? ಆ ಚಳಿಗೆ ಯಾರು ಹೋಗ್ತಾರೆ ಮಾರಾಯ್ರೆ" ಎಂಬ ಉತ್ತರ. ಹೀಗಾಗಿ ಕಾಲಕ್ರಮದಲ್ಲಿ, ಕೆನಡಾಕ್ಕೆ ಹೋಗುವುದಿಲ್ಲ ಎಂದವನು ಅರ್ಜಿ ಹಾಕಿದ್ದಾನೆಂದೇ ಎಲ್ಲರೂ ತಿಳಿಯುವಂತಾಯಿತು. ರೊಕಿಯೂ ಎರಡು ವರ್ಷ ಇಲ್ಲ ಇಲ್ಲ ಎನ್ನುತ್ತಲೇ ಇದ್ದು, ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯಂದು, ಇಗರ್ಜಿಯಿಂದ ಬಂದವರಿಗೆಲ್ಲ ಕೇಕ್ ಹಂಚಿದ್ದ.

ಏಪ್ರಿಲಿನಲ್ಲಿ ರೊಕಿ, ನೆಲ್ಲಿ, ಮಗ ಆರನ್ ಮೂವರೂ ಹೋಗಿ 'ಲ್ಯಾಂಡಿಂಗ್' ಮಾಡಿ ಬಂದರು. ಎಂದರೆ ಅಲ್ಲಿ ಇಳಿದು, ಮುಖ ತೋರಿಸಿ, ರೊಕಿಯ ಅಕ್ಕನ ಮನೆಯ ವಿಳಾಸ ಬರೆಸಿ, ಹದಿನೈದು ದಿನ ಚಳಿ ತಿಂದು, ಬಹರೈನಿನ ಕೆಲಸಕ್ಕೆ ವಾಪಸ್. ರೆಸಿಡೆನ್ಸಿಯ ಕಾರ್ಡು ಮೂರು ತಿಂಗಳ ನಂತರ ಅಂಚೆಯಲ್ಲಿ ಬರುತ್ತದೆ. ಅದೂ ಕೆನಡಾದ ವಿಳಾಸಕ್ಕೇ, ಹೊರದೇಶಕ್ಕೆ ಅವರು ಕಳಿಸುವುದಿಲ್ಲ. ಆ ಕಾರ್ಡು ಕೈಯಲ್ಲಿಲ್ಲದೆ ಮತ್ತೆ ಕೆನಡಾದ ವಿಮಾನ ಹತ್ತಲು ಬಿಡುವುದೂ ಇಲ್ಲ. ಆದ್ದರಿಂದ ಅಕ್ಕನೋ ಭಾವನೋ ಅದನ್ನು ಒಂದು ಕವರಿಗೆ ಹಾಕಿ, ಈ ಕಡೆ ಬರುವ ಯಾರದ್ದಾದರೂ ಕೈಯಲ್ಲಿ ಕೊಟ್ಟು ಕಳಿಸಬೇಕು. ಆಗಸ್ಟ್ ಹತ್ತೊಂಬತ್ತಕ್ಕೆ ಮೂವರಿಗೂ ಟಿಕೆಟ್ ಆಗಿತ್ತು. ಸೆಪ್ಟೆಂಬರ್ ಮೊದಲ ವಾರ ಆರನ್‌ಗೆ ಅಲ್ಲಿ ಕಾಲೇಜು.

ಆಗಸ್ಟ್ ಏಳು, ಶುಕ್ರವಾರ ಸಂಜೆ, ಯುಸ್ಟೇಸ್ ಖುಬ್ಬೂಸು ರೊಟ್ಟಿ ತರಲು ಹಸೈನಾರನ ಕೋಲ್ಡ್ ಸ್ಟೋರಿಗೆ ಹೋದ. ಅದು ಮೊಸರು, ಸೋಪು, ಫೋನ್ ಕಾರ್ಡು ಮಾರುವ ಸಣ್ಣ ಅಂಗಡಿ. ಊರಿನಿಂದಲೂ ಪರದೇಶಗಳಿಂದಲೂ ಜನ ತಂದ ಪೊಟ್ಟಣಗಳು ವಾರಸುದಾರರು ಬರುವ ತನಕ ತಂಗುವುದೂ ಅಲ್ಲಿಯೇ. ಹಸೈನಾರ್ ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವ ಅವಸರದಲ್ಲಿದ್ದ.

"ಯುಸ್ಟೇಸಣ್ಣ, ನಿಲ್ಲಿ ನಿಲ್ಲಿ. ಇದು ನಿಮ್ಮ ಕೆಳಗಿನ ಮನೆ ರೊಕಿಯವರದ್ದು. ಬುದಯ್ಯದ ಭುಜಂಗಣ್ಣ ಕೆನಡಾದಿಂದ ಬರುವಾಗ ತಂದದ್ದಂತೆ, ಈಗಷ್ಟೇ ಕೊಟ್ಟು ಹೋದ್ರು. ನಂಗೆ ಮಕ್ಕಾದ ಉಮ್ರಾ ಬಸ್ಸಿಗೆ ಗಂಟೆ ಆಯ್ತು. ನೀವೇ ಕೊಟ್ಬಿಡಿ."

"ಎಂಥ ಇದೆ ಇದ್ರಲ್ಲಿ?"

"ಕಾರ್ಡೋ ಕಾಗದವೋ. ಜೋಪಾನ ಅಂತ ಮೂರು ಸಲ ಹೇಳಿದ್ರು. ನಾನಿನ್ನು ಹತ್ತು ದಿನ ಇಲ್ಲ, ಫೋನೂ ಇಲ್ಲ. ಅಂಗಡಿಯಲ್ಲಿ ನನ್ನ ಮನೆಯವಳು ರುಖಿಯಾ ಇರ್ತಾಳೆ. ದುವಾ ಮಾಡ್ತೇನೆ ನಿಮಗೆ."

ಕಂದು ಬಣ್ಣದ ಕವರು. ಅಲ್ಲಿಯ ಯಾವುದೋ ಆಫೀಸಿನ ಹಳೆಯ ಕವರನ್ನೇ ಮತ್ತೆ ಉಪಯೋಗಿಸಿದ್ದಿರಬೇಕು, ಮೂಲೆಯಲ್ಲಿ ಕೆಂಪು ಎಲೆ ಅಚ್ಚಾಗಿತ್ತು. ಸುತ್ತಲೂ ಟೇಪು. ಹೆಸರು ಎಲ್ಲೂ ಇಲ್ಲ. ರೊಕಿಯ ಅಕ್ಕನಿಗೂ ದೃಷ್ಟಿಯ ಹೆದರಿಕೆ ಇತ್ತು.

ಯುಸ್ಟೇಸ್ ಅದನ್ನು ಕೊಡಬೇಕೆಂದೇ ಮೆಟ್ಟಿಲು ಹತ್ತಿದ. ಇದಕ್ಕೆ ದೇವರು ಸಾಕ್ಷಿ. ಬೆಲ್ಲಿನ ಮೇಲೆ ಬೆರಳಿಡುವಷ್ಟರಲ್ಲಿ ಬಾಗಿಲು ತೆರೆದು ರೊಕಿಯೇ ಹೊರಗೆ ಬಂದ. ಬಂದವನು ಯುಸ್ಟೇಸನ ಕೈ ನೋಡಲಿಲ್ಲ.

"ಒಳ್ಳೇದಾಯ್ತು ಸಿಕ್ಕಿದ್ದು. ನಮ್ಮ ಹಳೇ ಟೇಬಲ್ ಫ್ಯಾನ್ ನಿಂಗೆ ಬೇಕಾ ಮಾರಾಯ? ಕೆನಡಾದಲ್ಲಿ ನಮಗೆ ಅದು ಬೇಡ. ರೆಕ್ಕೆ ಒಂದು ಸ್ವಲ್ಪ ಒಡೆದಿದೆ, ಗಾಳಿ ಬರ್ತದೆ."

ಯುಸ್ಟೇಸ್ ಕವರನ್ನು ಖುಬ್ಬೂಸಿನ ಪೊಟ್ಟಣದ ಅಡಿಗೆ ಸರಿಸಿದ. "ಬೇಡ," ಎಂದ. "ನಮ್ಮ ಹತ್ರ ಉಂಟು."

ನಾಳೆ ಕೊಟ್ಟರಾಯಿತು ಎಂದುಕೊಂಡು ಮೇಲೆ ಹೋದ. ಕವರೊಂದು ಒಂದು ರಾತ್ರಿ ತಡವಾದರೆ ಕೆನಡಾ ಮುಳುಗುವುದಿಲ್ಲ. ತೆರೇಸಾಳ ಕಣ್ಣಿಗೆ ಬೀಳದಿರಲೆಂದು ಅದನ್ನು ಊಟದ ಚೀಲದಲ್ಲಿಟ್ಟ. ತೆರೇಸಾ ಕ್ಲಿನಿಕ್ಕಿನಲ್ಲಿ ನರ್ಸು. ಹದಿನೆಂಟು ವರ್ಷ ನರ್ಸಾಗಿದ್ದವಳ ಕಣ್ಣಿಗೆ ಬೀಳದ ವಸ್ತು ಇರುತ್ತದೆಂದು ನಂಬಿದ್ದು ಅವನ ಮೊದಲ ತಪ್ಪು. ಬೆಳಿಗ್ಗೆ ಡಬ್ಬಿ ತುಂಬಿಸುತ್ತ ಅವಳು ಕೇಳಿದಳು, "ಈ ಕವರು ಯಾರದ್ದು?"

"ಆಫೀಸಿನದ್ದು."

ತೆರೇಸಾ ಕವರನ್ನು ಮತ್ತೆ ಚೀಲದಲ್ಲಿಯೇ ಇಟ್ಟಳು. ಡಬ್ಬಿಯ ಮುಚ್ಚಳ ಹಾಕಿದಳು. ಆವತ್ತಿನಿಂದ ಆ ಮನೆಯಲ್ಲಿ ಒಂದು ಮೌನ ಶುರುವಾಯಿತು. ಯುಸ್ಟೇಸನಿಗೆ ಹೆಂಡತಿಯ ಮೌನಗಳ ಪರಿಚಯ ಚೆನ್ನಾಗಿತ್ತು. ತಲೆನೋವಿನದು, ತವರಿನ ಕಾಗದ ಬಂದಾಗಿನದು, ಅವನು ಗೊರಕೆ ಹೊಡೆದ ಮರುದಿನದ್ದು. ಇದು ಯಾವುದಕ್ಕೂ ಸೇರಲಿಲ್ಲ. ಅವಳು ಕಾಯುತ್ತಿದ್ದಳು.

ಯುಸ್ಟೇಸನಿಗೆ ಟುಬ್ಲಿಯ ಒಂದು ರೇಡಿಯೇಟರ್ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಅಲ್ಲಿಯ ಫೋರ್‌ಮನ್ ಮಹಾಬಲ ಕುಂದಾಪುರದವನು. ಮಧ್ಯಾಹ್ನದ ಊಟದ ಹೊತ್ತಿಗೆ ಯಾರ ಚೀಲದಲ್ಲಿ ಯಾರು ಬೇಕಾದರೂ ಕೈಹಾಕಿ ಉಪ್ಪಿನಕಾಯಿ ತೆಗೆಯುವುದು ಅಲ್ಲಿಯ ರೂಢಿ. ಮಹಾಬಲನ ಕೈಗೆ ಉಪ್ಪಿನಕಾಯಿಯ ಬದಲು ಕೆಂಪು ಎಲೆ ಬಂತು.

"ಇದು ನನ್ನದಲ್ಲ ಮಾರಾಯ್ರೆ," ಎಂದ ಯುಸ್ಟೇಸ್, ಕಸಿದುಕೊಳ್ಳುತ್ತ.

ಮಹಾಬಲ ಎದ್ದು ಸ್ಟೋರಿನ ಬಾಗಿಲು ಮುಚ್ಚಿ ಬಂದ. ಧ್ವನಿ ತಗ್ಗಿಸಿದ. "ಅರ್ಜಿ ಹಾಕಿ ಎಷ್ಟು ವರ್ಷ ಆಯ್ತು?"

"ಹಾಕಿಯೇ ಇಲ್ಲ!"

"ಹೌದು ಹೌದು."

"ದೇವರಾಣೆ ಇಲ್ಲ! ನಾನು ಯಾಕೆ ಆ ಚಳಿಗೆ ಹೋಗ್ಲಿ?"

ಮಹಾಬಲನ ಕಣ್ಣು ತುಂಬಿ ಬಂತು. ಅವನು ಯುಸ್ಟೇಸನ ಎರಡೂ ಕೈ ಹಿಡಿದುಕೊಂಡ. "ನಂಗೆ ಮೊದಲೇ ಗೊತ್ತಿತ್ತು. ನೀವು ಬಾಯಿ ಬಿಡುವ ಜನ ಅಲ್ಲ. ನಾನು ಯಾರಿಗೂ ಹೇಳುದಿಲ್ಲ."

ಮಹಾಬಲ ಯಾರಿಗೂ ಹೇಳುವುದಿಲ್ಲ ಎಂದದ್ದು ಹನ್ನೆರಡೂವರೆಗೆ. ಎರಡು ಗಂಟೆಗೆ ಟುಬ್ಲಿಯ ಗ್ಯಾರೇಜುಗಳ ಇಡೀ ಸಾಲಿಗೆ ಗೊತ್ತಿತ್ತು. ಮೂರಕ್ಕೆ ಎದುರಿನ ಟೈರಿನ ಅಂಗಡಿಯ ಪಠಾಣನೊಬ್ಬ ಬಂದು, ಕೈ ಕುಲುಕಿ, ತನ್ನ ತಮ್ಮನ ಬಯೋಡೇಟ ಕೊಟ್ಟು ಹೋದ. ಯುಸ್ಟೇಸ್ ಎಲ್ಲರಿಗೂ ನಿಜವನ್ನೇ ಹೇಳಿದ. ಇಲ್ಲ, ಅದು ನನ್ನದಲ್ಲ, ನಾನು ಎಲ್ಲಿಗೂ ಹೋಗುವುದಿಲ್ಲ. ಹೇಳಿದಷ್ಟೂ ಅಭಿನಂದನೆಗಳು ಹೆಚ್ಚಾದವು. ಅವನ ಜೀವನದಲ್ಲಿ ನಿಜ ಹೇಳಿದ್ದಕ್ಕೆ ಇಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ. ಸಾಯಂಕಾಲ ಮನೆಗೆ ಬರುವಾಗ ಅವನು ಅರಿಯದೆಯೇ ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದ. ರೊಕಿಯ ಬಾಗಿಲಲ್ಲಿ ನಿಲ್ಲಲಿಲ್ಲ.

ಭಾನುವಾರ ವರ್ಕ್‌ಶಾಪಿನ ಅರ್ಬಾಬ್ ಕರೆಸಿದರು. ಯಜಮಾನರು ಅರಬರಾದರೂ ಕೆಲಸಗಾರರೊಡನೆ ಹಿಂದಿಯಲ್ಲಿಯೇ ಮಾತು.

"ಕೆನಡಾ?" ಎಂದರು.

"ಇಲ್ಲ ಅರ್ಬಾಬ್. ನಾನು ಹೋಗುವುದಿಲ್ಲ."

"ಬಹುತ್ ಥಂಡಾ."

"ಅದಕ್ಕೇ ಹೋಗುವುದಿಲ್ಲ ಅರ್ಬಾಬ್."

ಅರ್ಬಾಬ್ ಅವನನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ವ್ಯಾಪಾರ ಮಾಡಿದವರಿಗೆ ಚೌಕಾಸಿ ಎಲ್ಲಿ ಶುರುವಾಗುತ್ತದೆಂದು ಗೊತ್ತಿರುತ್ತದೆ. ಮರುದಿನ ಯುಸ್ಟೇಸನ ಸ್ಟೋರಿಗೆ, ಹನ್ನೊಂದು ವರ್ಷದ ಪ್ಲಾಸ್ಟಿಕ್ ಸ್ಟೂಲಿನ ಜಾಗದಲ್ಲಿ, ಕೈ ಇರುವ, ತಿರುಗುವ, ಹಿಂದಕ್ಕೆ ವಾಲುವ ಕುರ್ಚಿಯೊಂದು ಬಂತು. ಯುಸ್ಟೇಸ್ ಅದರಲ್ಲಿ ಕೂತು ಒಂದು ಸುತ್ತು ತಿರುಗಿದ. ಆಮೇಲೆ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಆ ಕಡೆಯಿಂದ ಇನ್ನೊಂದು ಸುತ್ತು.

ಅದೇ ದಿನ ಮಂಗಳೂರಿನಿಂದ ಮಗಳು ಅನಿಶಾ ಫೋನ್ ಮಾಡಿದಳು. ಅವಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

"ಪಪ್ಪಾ, ನಿಜವಾ?"

"ಯಾರು ಹೇಳಿದ್ದು ನಿಂಗೆ?"

"ಕುಲಶೇಖರದ ಅತ್ತೆ ಹೇಳಿದ್ರು. ಅವರಿಗೆ ಕುವೈತಿನಿಂದ ಫೋನ್ ಬಂತಂತೆ. ನನ್ನ ಹತ್ರವೂ ಸೀಕ್ರೆಟ್ಟಾ ಪಪ್ಪಾ? ನಾನೆಂಥ ದೃಷ್ಟಿ ಹಾಕ್ತೇನಾ?"

"ಇಲ್ಲ ಮಗಾ, ಅದು ನಮ್ಮದಲ್ಲ…"

"ಆಯ್ತು, ಹೇಳ್ಬೇಡಿ. ನಾನೂ ಯಾರಿಗೂ ಹೇಳುದಿಲ್ಲ." ಅವಳ ಧ್ವನಿ ಸಂತೋಷದಿಂದ ನಡುಗುತ್ತಿತ್ತು. "ಪಪ್ಪಾ, ಥ್ಯಾಂಕ್ಸ್."

ಫೋನಿಟ್ಟ ಮೇಲೆ ಯುಸ್ಟೇಸ್ ತಿರುಗಿ ನೋಡಿದ. ತೆರೇಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಮೀನು ತಿರುವಿ ಹಾಕಿದಳು.

ಕವರನ್ನು ಆ ಗಳಿಗೆಯಲ್ಲಿಯೇ ಕೆಳಗೆ ಒಯ್ದು ಕೊಡಬಹುದಿತ್ತು. ಯುಸ್ಟೇಸ್ ಎದ್ದೂ ಎದ್ದ. ಆದರೆ ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ರೊಕಿ ನಿಂತಿದ್ದ.

ಈ ಘಟನೆಯ ಮಹತ್ವ ಓದುಗರಿಗೆ ತಿಳಿಯಬೇಕು. ಹನ್ನೊಂದು ವರ್ಷದಲ್ಲಿ ಯುಸ್ಟೇಸ್ ರೊಕಿಯ ಮನೆಗೆ ಇಳಿದು ಹೋದದ್ದೇ ಹೊರತು, ರೊಕಿ ಮೂರನೆಯ ಮಹಡಿಗೆ ಹತ್ತಿ ಬಂದದ್ದು ಒಂದೇ ಸಲ, ಮೇಲಿನ ನೀರಿನ ಟ್ಯಾಂಕಿ ಸೋರಿದಾಗ. ಈಗ ಅವನು ಸೋಫಾದ ತುದಿಯಲ್ಲಿ ಕೂತ. ತೆರೇಸಾ ಚಹಾ ತಂದಿಟ್ಟಳು. ಕುಡಿಯಲಿಲ್ಲ. ಅವನ ಮುಖ ಯುಸ್ಟೇಸನಿಗೆ ಬಹಳ ಪರಿಚಿತವಾಗಿ ಕಂಡಿತು. ಎಲ್ಲಿ ನೋಡಿದ್ದೆಂದು ಯೋಚಿಸಿದ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ.

"ಅಭಿನಂದನೆಗಳು," ಎಂದ ರೊಕಿ. "ನೀವು ಹೇಳಬಹುದಿತ್ತು."

ಹನ್ನೊಂದು ವರ್ಷದ ನಂತರ ರೊಕಿಯ ಬಾಯಿಂದ ಅವನಿಗೆ ಬಹುವಚನ ಬಂತು.

"ರೊಕಿ, ನಾನು ಅರ್ಜಿಯೇ ಹಾಕಿಲ್ಲ."

"ನಾನೂ ಎರಡು ವರ್ಷ ಅದನ್ನೇ ಹೇಳಿದ್ದು," ಎಂದ ರೊಕಿ, ನೋವಿನಿಂದ. "ನಿಮ್ಮ ಕಾರ್ಡು ಹೇಗೆ ಇಷ್ಟು ಬೇಗ ಬಂತು? ಲ್ಯಾಂಡಿಂಗಿಗೆ ಹೋದದ್ದು ಯಾವಾಗ? ನೀವು ಕ್ರಿಸ್ಮಸ್ಸಿಗೆ ಊರಿಗೆ ಅಂತ ಹೋದದ್ದು, ಅದಾ?"

"ಊರಿಗೇ ಹೋದದ್ದು."

"ನಮ್ಮದು ಇನ್ನೂ ಬಂದಿಲ್ಲ." ರೊಕಿ ಎದ್ದ. ಗೋಡೆ, ಪರದೆ, ಹಳೆಯ ಸೋಫಾ ಎಲ್ಲವನ್ನೂ ಒಂದು ಸಲ ನೋಡಿದ, ಈ ಬಡತನವೆಲ್ಲ ನಾಟಕವಾಗಿತ್ತೇ ಎನ್ನುವ ಹಾಗೆ. "ಮೂವರದ್ದೂ ಒಟ್ಟಿಗೇ ಬಂತಾ ನಿಮ್ಮದು?"

ಯುಸ್ಟೇಸ್ ಬಾಯಿ ತೆರೆದ. ಮುಚ್ಚಿದ. ಅಂಥ ಸುಖ ಅವನಿಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ರೊಕಿ ಮೆಟ್ಟಿಲಿಳಿದು ಹೋಗುವುದನ್ನು ಅವನು ಬಾಗಿಲಲ್ಲಿ ನಿಂತು, ಕೊನೆಯ ಹೆಜ್ಜೆಯ ಸದ್ದಿನ ತನಕ ಕೇಳಿದ. ಒಂದು ದಿನ. ಇದೊಂದು ದಿನ ಅನುಭವಿಸಿ ನಾಳೆ ಕೊಟ್ಟುಬಿಡುತ್ತೇನೆ ಎಂದುಕೊಂಡ.

ನಾಳೆಯಾಯಿತು. ಆದರೆ ಆ ನಾಳೆ ಕೆಳಗಿನ ಮನೆಯಲ್ಲಿ ಗೋಳು ಎದ್ದಿತ್ತು. ರೊಕಿಯ ಅಕ್ಕ ಕೆನಡಾದಿಂದ ಫೋನಿನಲ್ಲಿ ಕಿರುಚುತ್ತಿದ್ದಳು. ಅವಳು ಭುಜಂಗನ ಕೈಗೆ ಕವರು ಕೊಟ್ಟು ಹತ್ತು ದಿನವಾಗಿತ್ತು. ಭುಜಂಗನನ್ನು ಕೇಳಿದರೆ, ಕೋಲ್ಡ್ ಸ್ಟೋರಿನಲ್ಲಿ ಕೊಟ್ಟೆ ಎಂದ. ಕೋಲ್ಡ್ ಸ್ಟೋರಿನಲ್ಲಿದ್ದ ರುಖಿಯಾಳಿಗೆ ಏನೂ ಗೊತ್ತಿಲ್ಲ. ಹಸೈನಾರ್ ಮಕ್ಕಾದಲ್ಲಿ, ಫೋನಿಲ್ಲ. ರೊಕಿ, ನೆಲ್ಲಿ, ಆರನ್ ಮೂವರೂ ಹೋಗಿ ಅಂಗಡಿಯ ಅಕ್ಕಿ ಮೂಟೆಗಳನ್ನು ಉರುಳಿಸಿದರು, ಐಸ್‌ಕ್ರೀಮಿನ ಪೆಟ್ಟಿಗೆ ಖಾಲಿ ಮಾಡಿದರು. ಯಾರೋ ಅಬ್ಬಾಸನ ಹೆಂಡತಿಗೆ ಬಂದ ಸಾರಿನ ಪುಡಿ ಸಿಕ್ಕಿತು, ಯಾರದ್ದೋ ಕನ್ನಡಕ ಸಿಕ್ಕಿತು, ೨೦೦೬ರ ಮದುವೆಯೊಂದರ ಸಿ.ಡಿ. ಸಿಕ್ಕಿತು. ಕವರು ಸಿಗಲಿಲ್ಲ. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ನೆಲ್ಲಿ ಹದಿಮೂರು ಮೇಣದ ಬತ್ತಿಯ ಹರಕೆ ಹೊತ್ತಳು. ಸಂತರಿಗೆ ಕವರು ಮೂರನೆಯ ಮಹಡಿಯಲ್ಲಿದೆಯೆಂದು ಗೊತ್ತಿದ್ದರೂ ಅವರು ಮೆಟ್ಟಿಲು ಹತ್ತಲಿಲ್ಲ.

ಈಗ ಯುಸ್ಟೇಸನಿಗೆ ಬೆವರು ಬಂತು. ನಾಲ್ಕು ದಿನ ಎಲ್ಲಿತ್ತು ಎಂದು ಕೇಳಿದರೆ ಏನು ಹೇಳುವುದು? ಬುಧವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಅವನ ಉಪಾಯಗಳ ಬಗ್ಗೆ ನಾವು ಮುಂಚಿತವಾಗಿ ಏನನ್ನೂ ಹೇಳುವುದು ಬೇಡ. ಕೋಲ್ಡ್ ಸ್ಟೋರಿಗೆ ಹೋಗಿ, ಒಂದು ಬಾಟಲಿ ಲಬನ್ ಮಜ್ಜಿಗೆ ತೆಗೆದುಕೊಂಡು, ರುಖಿಯಾ ಆ ಕಡೆ ತಿರುಗಿದಾಗ ಕವರನ್ನು ಪೊಟ್ಟಣಗಳ ಕಪಾಟಿನಲ್ಲಿ, ಸಾರಿನ ಪುಡಿಯ ಹಿಂದೆ ತುರುಕಿದ. ಮನಸ್ಸು ಹಗುರಾಯಿತು. ಕಾರ್ಡು ಸಿಗಬೇಕಾದಲ್ಲಿಯೇ ಸಿಗುತ್ತದೆ. ಸಂತ ಅಂತೋನಿಗೂ ಒಳ್ಳೆಯ ಹೆಸರು.

ಸಂಜೆ ಅವನು ಬರುವ ಹೊತ್ತಿಗೆ ಕವರು ಅವನ ಮನೆಯ ಮೇಜಿನ ಮೇಲಿತ್ತು.

"ರುಖಿಯಾ ಬಂದಿದ್ಲು," ಎಂದಳು ತೆರೇಸಾ. ಐದು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಆಮೇಲೆ ನಡೆದದ್ದನ್ನು ಅವಳು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದಳು. ರುಖಿಯಾ ಉಸಿರುಗಟ್ಟಿ ಮೂರು ಮಹಡಿ ಹತ್ತಿ ಬಂದು, "ತೆರೇಸಾಕ್ಕ, ನಿಮ್ಮ ಯಜಮಾನರು ಅವರ ಕೆನಡಾ ಕವರು ನಮ್ಮ ಅಂಗಡಿಯಲ್ಲಿ ಬಿಟ್ಟು ಹೋಗಿದ್ದಾರೆ! ನಿನ್ನೆ ಅಷ್ಟು ಹುಡುಕುವಾಗ ಇದು ಇರ್ಲಿಲ್ಲ, ಇವತ್ತು ಅವರು ಬಂದು ಹೋದ ಮೇಲೆ ನಾನು ನೋಡಿದ್ದಕ್ಕೆ ಆಯ್ತು. ಆ ಪಾಪದ ರೊಕಿಯವರದ್ದು ಒಂದು ಕಳೆದದ್ದು ಸಾಕಾಗ್ಲಿಲ್ವಾ, ಇನ್ನು ನಿಮ್ಮದೂ ಹೋದ್ರೆ ನಮ್ಮ ಅಂಗಡಿಗೆ ಯಾರು ಬರ್ತಾರೆ? ಜಾಗ್ರತೆ ಮಾಡಿ" ಎಂದು ಕವರು ಕೊಟ್ಟು, ನೀರು ಕುಡಿದು ಹೋಗಿದ್ದಳು.

ಯುಸ್ಟೇಸ್ ಕೂತ. ಕವರು ಅವನನ್ನು ನೋಡುತ್ತಿತ್ತು.

ಗುರುವಾರ ರೊಕಿ ಮತ್ತೆ ಬಂದ, ಈ ಸಲ ಒಂದು ಫಾರ್ಮು ಹಿಡಿದುಕೊಂಡು. ಮುಖ ಒಂದು ವಾರದಲ್ಲಿ ಅರ್ಧವಾಗಿತ್ತು. ಹಿಂದೆ ಟ್ರಾವೆಲ್ ಏಜೆನ್ಸಿಯ ಫವಾಝ್ ಇದ್ದ. ಅವನು ಈ ಕಟ್ಟಡದ ಎಲ್ಲರ ಟಿಕೆಟುಗಳನ್ನೂ, ಅವುಗಳ ಜೊತೆಗೆ ಎಲ್ಲರ ಗುಟ್ಟುಗಳನ್ನೂ ಬಲ್ಲವನು.

"ನಿಮಗೆ ಕೆನಡಾದ ಆಫೀಸಿನಲ್ಲಿ ಯಾರದ್ದೋ ಪರಿಚಯ ಇರ್ಲೇಬೇಕು," ಎಂದ ರೊಕಿ. ಹಾಗೆ ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂಬುದು ಕಿವಿಯ ಕೆಂಪಿನಲ್ಲಿ ಕಾಣುತ್ತಿತ್ತು. "ಇಲ್ಲದಿದ್ರೆ ನಿಮ್ಮದು ಅಷ್ಟು ಬೇಗ ಬರುದಿಲ್ಲ. ಒಂದು ಮಾತು ಹೇಳಿ ಯುಸ್ಟೇಸ್. ನನ್ನ ಮಗನ ಕಾಲೇಜು."

ಫವಾಝ್ ವಿವರಿಸಿದ. ಕಾರ್ಡಿಲ್ಲದ ರೆಸಿಡೆಂಟರು ಅಬುಧಾಬಿಯ ಕೆನಡಾ ವೀಸಾ ಕಚೇರಿಗೆ ಅರ್ಜಿ ಹಾಕಿದರೆ, ಒಂದು ಸಲ ವಿಮಾನ ಹತ್ತುವುದಕ್ಕೆ ಟ್ರಾವೆಲ್ ಡಾಕ್ಯುಮೆಂಟ್ ಎಂಬ ಕಾಗದ ಕೊಡುತ್ತಾರೆ. ಪಾಸ್‌ಪೋರ್ಟ್ ಕಳಿಸಬೇಕು, ಫೋಟೋ ಕಳಿಸಬೇಕು, ಕೆನಡಾದಲ್ಲಿ ಇದ್ದ ದಿನಗಳನ್ನೂ ಇಲ್ಲದ ದಿನಗಳನ್ನೂ ಬರೆಯಬೇಕು.

"ಎಷ್ಟು ದಿನ ಹಿಡಿಯುತ್ತದೆ?" ಎಂದು ಕೇಳಿದ ಯುಸ್ಟೇಸ್.

"ಹತ್ತೊಂಬತ್ತಕ್ಕಂತೂ ಆಗುದಿಲ್ಲ. ತಿಂಗಳೇ ಹಿಡಿದೀತು. ಟಿಕೆಟ್ ಹೋಯ್ತು, ಹುಡುಗನ ಈ ವರ್ಷವೂ ಹೋಗಬಹುದು. ಬೇರೆ ದಾರಿ ಇಲ್ಲ. ನಾಳೆ ಸಹಿ, ಶನಿವಾರ ಬೆಳಿಗ್ಗೆ ಕೊರಿಯರ್."

"ಅಷ್ಟರೊಳಗೆ ಕವರು ಸಿಕ್ಕಿದ್ರೆ?"

"ಸಹಿ ಹಾಕುವ ಮೊದಲು ಸಿಕ್ಕಿದ್ರೆ ಸರಿ. ಕಳೆದುಹೋಗಿದೆ ಅಂತ ಬರೆದು ಕಳಿಸಿದ ಮೇಲೆ ಹಳೇ ಕಾರ್ಡು ಸತ್ತ ಹಾಗೆ. ಆಮೇಲೆ ಸಿಕ್ಕಿದ್ರೆ ಗೋಡೆಗೆ ಅಂಟಿಸ್ಬಹುದು."

"ಇದೊಂದು ಕಾಲಮ್ ನಂಗೆ ಗೊತ್ತಾಗುದಿಲ್ಲ," ಎಂದ ರೊಕಿ, ಫಾರ್ಮನ್ನು ಯುಸ್ಟೇಸನ ಮೂಗಿನ ಕೆಳಗೆ ಹಿಡಿದು. "ಕಳೆದದ್ದು ಅಂತ ಬರೀಬೇಕಾ, ಕಳವಾದದ್ದು ಅಂತ ಬರೀಬೇಕಾ? ನೀವು ಹೇಳಿ. ನಿಮ್ಮ ಅಭಿಪ್ರಾಯದಲ್ಲಿ ಎಂಥ ಆಗಿರಬಹುದು?"

ಯುಸ್ಟೇಸ್ ಕೆಮ್ಮಿದ. ತೆರೇಸಾ ಒಳಗಿನಿಂದ ನೀರು ತಂದುಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಪಕ್ಕದಲ್ಲಿಯೇ ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಪೂಜೆಗೆ ಹೋಗಿ ಬಂದರು. ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನ ಬಂದು, ಮುಂದಿನ ವರ್ಷ ಕೆನಡಾದಲ್ಲಿ ಸಿಗೋಣ ಎಂದು ಕಣ್ಣು ಮಿಟುಕಿಸಿ ಹೋದರು. ಯುಸ್ಟೇಸ್ ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಶಕ್ತಿ ಇರಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುತ್ತಿರುವಾಗ ತೆರೇಸಾ ಕವರನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ಆರನ್‌ಗೆ ಟೈಫಾಯ್ಡ್ ಆದಾಗ ಹನ್ನೆರಡು ದಿನ ನಾನು ಹೋಗಿ ಇಂಜೆಕ್ಷನ್ ಕೊಟ್ಟಿದ್ದೇನೆ," ಎಂದಳು. "ಅವನು ಕಾಲೇಜಿಗೆ ಹೋಗ್ತಾನೆ. ನೀವು ಇಳೀತೀರೋ, ನಾನು ಇಳೀಲೋ?"

ಯುಸ್ಟೇಸ್ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರಿಯ ಕಾಲುಚೀಲ ಇಟ್ಟುಕೊಂಡೇ ಇಳಿದ. ಹದಿನೆಂಟು ಮೆಟ್ಟಿಲು. ಪ್ರತಿಯೊಂದರಲ್ಲೂ ಅವನಿಗೆ ಒಂದೊಂದು ಸುಳ್ಳು ಹೊಳೆಯಿತು. ಈಗಷ್ಟೇ ಸಿಕ್ಕಿತು. ಹಸೈನಾರ್ ಕನಸಿನಲ್ಲಿ ಬಂದು ಹೇಳಿದ. ನಿಜ ಹೇಳಿದರೆ ತಿರುಗುವ ಕುರ್ಚಿ ಹೋಗುತ್ತದೆ, ಅನಿಶಾ ಅಳುತ್ತಾಳೆ, ಮಹಾಬಲ ನಗುತ್ತಾನೆ. ಕೊನೆಯ ಮೆಟ್ಟಿಲಿಗೆ ಬರುವಾಗ ಎಲ್ಲ ಸುಳ್ಳುಗಳೂ ಕೈಬಿಟ್ಟು ಹೋಗಿದ್ದವು.

ರೊಕಿಯ ಮನೆ ಸಾವಿನ ಮನೆಯ ಹಾಗಿತ್ತು. ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು. ಫವಾಝ್ ಬೆರಳಿಟ್ಟು ಸಹಿಯ ಜಾಗ ತೋರಿಸುತ್ತಿದ್ದ. ರುಖಿಯಾ, ಅಂಗಡಿಯ ಮರ್ಯಾದೆಗಾಗಿ ಕ್ಷಮೆ ಕೇಳಲು ಬಂದವಳು, ಒಂದು ಪಾತ್ರೆ ಪಾಯಸ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ನೆಲ್ಲಿಯ ಕಣ್ಣು ಊದಿತ್ತು. ಆರನ್ ಕಿಟಕಿಯ ಹೊರಗೆ ನೋಡುತ್ತಿದ್ದ. ರೊಕಿ ಪೆನ್ನಿನ ಮುಚ್ಚಳ ತೆಗೆದಿದ್ದ.

"ಸಹಿ ಹಾಕ್ಬೇಡ," ಎಂದ ಯುಸ್ಟೇಸ್.

ಕವರನ್ನು ಫಾರ್ಮಿನ ಮೇಲಿಟ್ಟ.

"ಇದು ನಿನ್ನದು. ಹಸೈನಾರ್ ಕೊಟ್ಟು ಎಂಟು ದಿನ ಆಯ್ತು. ನಾನು ಇಟ್ಟುಕೊಂಡಿದ್ದೆ."

ರೊಕಿ ಕೈಯಿಂದಲೇ ಟೇಪು ಹರಿದ. ಮೂರು ಕಾರ್ಡುಗಳು ಮೇಜಿನ ಮೇಲೆ ಬಿದ್ದವು. ಒಂದರಲ್ಲಿ ರೊಕಿ, ಒಂದರಲ್ಲಿ ನೆಲ್ಲಿ, ಒಂದರಲ್ಲಿ ಆರನ್.

"ಅಲ್ಲಾ!" ಎಂದಳು ರುಖಿಯಾ. "ಇದು ಅದೇ ಕವರು! ನಾನೇ ಮೇಲೆ ತಕ್ಕೊಂಡು ಹೋಗಿ ಕೊಟ್ಟದ್ದು!"

ಮೊದಲು ಸ್ಫೋಟಿಸಿದ್ದು ನೆಲ್ಲಿ. "ಎಂಟು ದಿನ! ನಾಲ್ಕು ದಿನದಿಂದ ನಾನು ಅನ್ನ ಮುಟ್ಟಲಿಲ್ಲ! ಅಂಗಡಿಯ ಐಸ್‌ಕ್ರೀಮಿನಲ್ಲಿ ಮೊಣಕೈ ತನಕ ಕೈ ಹಾಕಿದ್ದೇನೆ! ನೀವು ಮೇಲೆ ಕೂತು ನೋಡ್ತಾ ಇದ್ರಾ? ಮನುಷ್ಯರಾ ನೀವು? ಎಂಥಕ್ಕೆ ಇಟ್ಟುಕೊಂಡದ್ದು ಅದನ್ನು? ಎಂಥಕ್ಕೆ?"

"ಹೊಟ್ಟೆಕಿಚ್ಚಿಗೆ," ಎಂದ ಯುಸ್ಟೇಸ್. ಆ ಶಬ್ದವನ್ನು ಅವನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಎಷ್ಟು ಸಣ್ಣ ಶಬ್ದ ಎನ್ನಿಸಿತು.

ಫವಾಝ್ ತಲೆ ತಗ್ಗಿಸಿದ. ಆರನ್ ಕಾರ್ಡನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿ, ಮೇಲಿನಿಂದ ಕೈಯಿಟ್ಟುಕೊಂಡ. ನೆಲ್ಲಿ ಇನ್ನೂ ಹೇಳುವುದಕ್ಕೆ ಬಾಯಿ ತೆರೆದಳು. ರೊಕಿ ಕೈಯೆತ್ತಿ ಅವಳನ್ನು ತಡೆದ. ಅವನು ಕಾರ್ಡುಗಳನ್ನು ನೋಡುತ್ತಿರಲಿಲ್ಲ, ಯುಸ್ಟೇಸನನ್ನು ನೋಡುತ್ತಿದ್ದ.

"ನಿಲ್ಲು," ಎಂದ. "ಮಹಾಬಲ ನೋಡಿದ ಕವರು…"

"ಇದೇ."

"ಹಾಗಾದ್ರೆ ನಿನ್ನ ಕವರು?"

"ನಂಗೆ ಕವರೇ ಇಲ್ಲ ರೊಕಿ."

"ಬರ್ಲಿಕ್ಕೆ ಉಂಟಾ?"

"ಇಲ್ಲ. ಅರ್ಜಿ ಹಾಕಿಲ್ಲ. ಇಂಗ್ಲಿಷ್ ಪರೀಕ್ಷೆಗೆ ಕೂತಿದ್ದೆ ಒಮ್ಮೆ, ೨೦೦೭ರಲ್ಲಿ. ಪಾಸಾಗ್ಲಿಲ್ಲ."

"ನಿಂಗೆ… ಕೆನಡಾ… ಇಲ್ಲ?"

"ಇಲ್ಲ."

ರೊಕಿಯ ಮುಖದಲ್ಲಿ ಒಂದೊಂದೇ ಗಂಟು ಬಿಚ್ಚಿಕೊಳ್ಳತೊಡಗಿತು. ಮೊದಲು ಹಣೆ, ಆಮೇಲೆ ಕೆನ್ನೆ. ಒಂದು ವಾರದಿಂದ ಕುಗ್ಗಿದ್ದ ಭುಜಗಳು ಮೇಲೆ ಬಂದವು. ಒಂದು ನಗು ಹೊರಟಿತು. ಅದು ಹೊಟ್ಟೆಯೊಳಗಿಂದ ಹೊರಟು, ಮೇಜು ಅಲುಗಾಡಿಸಿ, ಫವಾಝನಿಗೂ ಹತ್ತಿ, ರುಖಿಯಾಳ ಪಾಯಸ ತುಳುಕುವಂತೆ ಮಾಡಿತು. ಅವನು ಎದ್ದು ಬಂದು ಯುಸ್ಟೇಸನನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡ.

"ನನ್ನ ಮಾರಾಯ!" ಎಂದ. "ನಾನು ಆರು ದಿನ ನಿದ್ದೆ ಮಾಡಿಲ್ಲ ಮಾರಾಯ! ಕಾರ್ಡು ಕಳೆದ್ರೆ ಇನ್ನೊಂದು ಮಾಡಿಸ್ಬಹುದು. ಆದ್ರೆ ನಿಂಗೆ ನನಗಿಂತ ಮೊದಲು ಬಂತಲ್ಲ, ಅದು ನಂಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ! ಬಾ, ಕೂತ್ಕೋ. ಊಟ ಮಾಡದೆ ಹೋದ್ರೆ ನೋಡು. ನೆಲ್ಲಿ, ಬಡಿಸು ಇವನಿಗೆ!"

"ನಾನಾ? ಇವರಿಗಾ?" ಎಂದಳು ನೆಲ್ಲಿ.

"ಹಾಗಾದ್ರೆ ನಾನೇ ಬಡಿಸ್ತೇನೆ."

ರೊಕಿ ಬಡಿಸಿದ. ಸನ್ನಾ ಇಡ್ಲಿ ಹಾಕಿದ, ಸಾರು ಹಾಕಿದ, ಮಾಂಸದ ದೊಡ್ಡ ತುಂಡುಗಳನ್ನು ಹುಡುಕಿ ಹುಡುಕಿ ಹಾಕಿದ. ನೆಲ್ಲಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕುತ್ತಿದ್ದಳು. ಮಧ್ಯದಲ್ಲಿ ಕೆನಡಾದಿಂದ ಅಕ್ಕನ ಫೋನು ಬಂತು. "ಹಾಂ, ಕವರು ಸಿಕ್ಕಿತು, ಸಿಕ್ಕಿತು," ಎಂದ ರೊಕಿ, ಅವಸರದಲ್ಲಿ. "ಅದು ಬಿಡು. ಇನ್ನೊಂದು ವಿಷಯ ಕೇಳು ಅಕ್ಕಾ. ನಮ್ಮ ಯುಸ್ಟೇಸನಿಗೆ ಕಾರ್ಡೇ ಬಂದಿಲ್ಲ! ಹೌದು! ಅರ್ಜಿಯೇ ಹಾಕಿಲ್ಲಂತೆ! ಇಂಗ್ಲಿಷಿನಲ್ಲಿ ಫೇಲ್!"

ಫೋನಿಟ್ಟವನು ಮತ್ತೆ ನಕ್ಕ. ಕಣ್ಣಿನಿಂದ ನೀರು ಬಂತು. ಮನುಷ್ಯನೊಬ್ಬನಿಗೆ ಇಷ್ಟು ಸಂತೋಷವಾಗುವುದನ್ನು ಯುಸ್ಟೇಸ್ ಹತ್ತಿರದಿಂದ ಎಂದೂ ನೋಡಿರಲಿಲ್ಲ. ರೊಕಿ ಮೇಲೆ ಬಂದ ಸೋಮವಾರ ತನಗೆ ಆದದ್ದು ಇದರ ಕಾಲುಭಾಗವೂ ಇರಲಿಲ್ಲ. ಅದೂ ಸುಳ್ಳಿನದಾಗಿತ್ತು. ಇದು ಅಪ್ಪಟ. ಈ ಸಂತೋಷವನ್ನು ಒಂದು ಕಾಲಿಗೆ ಬೂಟು ಹಾಕಿಕೊಂಡು ಇಳಿದು ಬಂದು ಇವನ ಕೈಗೆ ಕೊಟ್ಟವನು ತಾನೇ. ಕೈಯಲ್ಲಿದ್ದ ತುತ್ತನ್ನು ಅವನು ತಟ್ಟೆಗೆ ಇಳಿಸಿದ.

"ಎಂಥ, ಖಾರ ಆಯ್ತಾ?" ಎಂದ ರೊಕಿ, ಕಣ್ಣೊರೆಸಿಕೊಳ್ಳುತ್ತ.

"ಇಲ್ಲ," ಎಂದ ಯುಸ್ಟೇಸ್. ಆಮೇಲೆ ತಟ್ಟೆಯನ್ನು ನೋಡುತ್ತ, "ಉಪ್ಪು ಸ್ವಲ್ಪ ಕಡಿಮೆ," ಎಂದ.